ಮುಲಾಮು ತುಂಬುತ್ತಿದ್ದ ಯಂತ್ರ

ಬೊಲೋನ್ಯಾ
11 ಜೂನ್ 1976

ಲೋರಿಸ್,

ನಾನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ ಯಂತ್ರವನ್ನು ನೀನು ಗಡಿ ದಾಟಿಸಿಕೊಂಡು ಹೋಗಿದ್ದೀಯ. ಇದು ಅನ್ಯಾಯ. ಇದಕ್ಕೆ ಬೇರೆ ಮೆತ್ತನೆಯ ಹೆಸರು ಇದೆಯೇ ಎಂದು ಎರಡು ದಿನ ಹುಡುಕಿದೆ, ಸಿಗಲಿಲ್ಲ.

ಲಾರಿ ಗೇಟು ದಾಟುವಾಗ ನೀನು ಕಿಟಕಿಯಿಂದ ಕೈ ಬೀಸಿದೆ. ನಾನು ಬೀಸಲಿಲ್ಲ. ಕೈಗೆ ಗ್ರೀಸು ಮೆತ್ತಿತ್ತು ಎಂದು ನಿನ್ನ ಅಮ್ಮನಿಗೆ ಹೇಳಿದ್ದೇನೆ. ನಿನಗೆ ಆ ಸುಳ್ಳು ಹೇಳುವುದಿಲ್ಲ.

ನಿನಗೆ ಎಲ್ಲ ಗೊತ್ತಿದೆ, ಆದರೂ ಕಾಗದದ ಮೇಲೆ ಇರಲಿ. ಆ ಯಂತ್ರ ಮುಚ್ಚಿಹೋದ ಮುಲಾಮು ಕಾರ್ಖಾನೆಯಿಂದ ನಮ್ಮ ಶೆಡ್ಡಿಗೆ ಬಂದಾಗ ತುಕ್ಕು ಮತ್ತು ಇಲಿ ಹಿಕ್ಕೆಯ ಗುಡ್ಡೆಯಾಗಿತ್ತು. "ಇದನ್ನ ತೂಕಕ್ಕೆ ಹಾಕೋದೇ ವಾಸಿ" ಎಂದವನು ನೀನು. ಚಳಿಗಾಲವಿಡೀ ಅದರ ಹೊಟ್ಟೆಯೊಳಗೆ ಕೈಯಿಟ್ಟುಕೊಂಡು ಕೂತವಳು ನಾನು. ಖಾಲಿ ಟ್ಯೂಬನ್ನು ತಲೆಕೆಳಗಾಗಿ ಹಿಡಿಯುವ ಬಟ್ಟಲುಗಳನ್ನು ಒಂದೊಂದಾಗಿ ಉಜ್ಜಿ ಕೂರಿಸಿದೆ. ಒಳಗಿಳಿದು ತುಂಬುವ ಮೂತಿ, ತುಂಬಿದ ಮೇಲೆ ಟ್ಯೂಬಿನ ಬಾಲವನ್ನು ಮಡಚಿ ಒತ್ತುವ ದವಡೆ, ಎಲ್ಲವೂ ನನ್ನ ಬೆರಳುಗಳ ನಡುವೆ ಹಾದುಹೋದವು. ನೀನು ಹತ್ತಿರ ಬಂದದ್ದು ಬಣ್ಣ ಬಳಿಯುವ ದಿನ.

ನಮ್ಮ ಸಹಕಾರಿಯಲ್ಲಿ ಹಳೆಯ ಯಂತ್ರವನ್ನು ಕಟ್ಟಿದವರೇ ಅದರ ಜೊತೆ ಹೋಗುವುದು. ಕೊಂಡವರ ಕಾರ್ಖಾನೆಯಲ್ಲಿ ನಿಲ್ಲಿಸಿ, ಮೊದಲ ಟ್ಯೂಬು ತುಂಬಿ ಹೊರಬರುವವರೆಗೆ ಪಕ್ಕದಲ್ಲಿರುವುದು. ಎಲ್ಲಿಯೂ ಬರೆದಿಡದ ಈ ಪದ್ಧತಿಯನ್ನು ಇದುವರೆಗೆ ಯಾರೂ ಮುರಿದಿರಲಿಲ್ಲ. ಮುರಿದದ್ದು ಎರ್ಮೆಸ್, ನಮ್ಮ ಅಧ್ಯಕ್ಷರು. ಸಭೆಯಲ್ಲಿ ಎದ್ದು ನಿಂತು, ನೆಲ ನೋಡಿಕೊಂಡು ಹೇಳಿದರಲ್ಲ: "ಹುಡ್ಗಿ ಒಬ್ಬಳನ್ನೇ ಗಡಿಯಾಚೆ ಕಳ್ಸಿದ್ರೆ ಅವ್ರೇನಂದ್ಕೋತಾರೆ? ತಮ್ಮನ್ನ ನಾವು ಆಟಕ್ಕೆ ತಗೊಂಡಿದೀವಿ ಅಂದ್ಕೋತಾರೆ." ಯುದ್ಧದ ಕಾಲದಲ್ಲಿ ಅವರ ಜೊತೆ ಬೆಟ್ಟ ಹತ್ತಿದ ಹುಡುಗಿಯರು ಬಂದೂಕು ಹೊತ್ತು ಒಬ್ಬೊಬ್ಬರೇ ಓಡಾಡುತ್ತಿದ್ದರು. ಅದನ್ನು ಪ್ರತಿ ಏಪ್ರಿಲ್‌ನಲ್ಲಿ ವಿಮೋಚನಾ ದಿನದಂದು ಭಾಷಣ ಮಾಡಿ ಹೇಳುವವರೂ ಅವರೇ.

ಕೈ ಎತ್ತಿ ಎಂದರು. ನಾನು ಬೇರೆ ಯಾರನ್ನೂ ನೋಡಲಿಲ್ಲ, ನಿನ್ನ ಕೈಯನ್ನೇ ನೋಡುತ್ತಿದ್ದೆ. ಅದು ಮೊದಲು ಕಿವಿ ಕೆರೆಯಿತು. ಆಮೇಲೆ ಎದ್ದಿತು.

ಅದೂ ಯಾವ ದೇಶಕ್ಕೆ! ಕಾರ್ಖಾನೆಯನ್ನು ಕಾರ್ಮಿಕರ ಮಂಡಳಿಯೇ ನಡೆಸುವ ದೇಶ. ಅದರ ಬಗ್ಗೆ ಕೈಗೆ ಸಿಕ್ಕ ಕಿರುಹೊತ್ತಿಗೆಯನ್ನೆಲ್ಲ ಗೆರೆ ಎಳೆದು ಓದಿದವಳು ನಾನು. ನೀನು ಓದುವುದು ಸೈಕಲ್ ರೇಸಿನ ಫಲಿತಾಂಶ. ಆದರೆ ಆ ಮಂಡಳಿಯ ಮುಂದೆ ಕೂರುವವನು ನೀನು.

ಒಂದೇ ಒಂದು ಕೆಲಸ ಮಾಡು. ಯಂತ್ರ ಕಟ್ಟಿದ್ದು ಇರಿಡೆ ಎಂದು ಅವರಿಗೆ ಹೇಳು. ಬೇರೇನೂ ಬೇಡ.

ಇರಿಡೆ


ಪೂಲಾ
24 ಜೂನ್ 1976

ನನ್ನ ಇರಿಡೆ,

ನಿನ್ನ ಪತ್ರ ಓದಿ ಆ ರಾತ್ರಿ ಊಟ ಸೇರಲಿಲ್ಲ. ಇಲ್ಲಿಯ ಮೀನು ತುಂಬ ಚೆನ್ನಾಗಿರುತ್ತದೆ, ಆದ್ದರಿಂದ ಇದನ್ನು ಸಣ್ಣ ಮಾತು ಎಂದುಕೊಳ್ಳಬೇಡ.

ಯಂತ್ರ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅದನ್ನು ನಿಲ್ಲಿಸಬೇಕಾದ ಕೋಣೆಗೆ ಟೈಲ್ಸ್ ಹಾಕಿಲ್ಲ. ಟೈಲ್ಸ್ ಬಂದಿದೆ, ಆದರೆ ಬಿಳಿ ಇರಬೇಕೋ ತಿಳಿಹಸಿರು ಇರಬೇಕೋ ಎಂದು ನಿನ್ನ ಕಾರ್ಮಿಕರ ಮಂಡಳಿ ಇನ್ನೂ ತೀರ್ಮಾನಿಸಿಲ್ಲ. ಮೊನ್ನೆ ನಾನೂ ಹೋಗಿ ಕೂತಿದ್ದೆ. ಅರ್ಧ ಹೊತ್ತು ಟೈಲ್ಸ್ ಬಗ್ಗೆ, ಉಳಿದರ್ಧ ಕ್ಯಾಂಟೀನಿನ ಸಾರು ನೀರಾಗಿದೆ ಎಂದು. ನಿನ್ನ ಹೊತ್ತಿಗೆಗಳಲ್ಲಿ ಸಾರಿನ ಬಗ್ಗೆ ಏನಾದರೂ ಬರೆದಿದ್ದಾರೆಯೇ?

ಯಂತ್ರ ನಡೆಸಲು ನೆವಿಯಾ ಎಂಬ ಹೆಂಗಸನ್ನು ಕೊಟ್ಟಿದ್ದಾರೆ. ಈ ಊರು ಹಿಂದೆ ನಮ್ಮ ದೇಶದ್ದೇ ಆಗಿತ್ತಲ್ಲ, ಇಲ್ಲಿಯ ಹಳಬರಂತೆ ನಮ್ಮ ಭಾಷೆ ಚೆನ್ನಾಗಿ ಆಡುತ್ತಾಳೆ, ಬೈಗುಳ ಮಾತ್ರ ತನ್ನ ಭಾಷೆಯಲ್ಲಿ. ಚುರುಕು. ಪೆಟ್ಟಿಗೆಯ ಸಂದಿಯಿಂದ ಇಣುಕಿ ನೋಡಿಯೇ ಯಾವ ಭಾಗ ಏನು ಮಾಡುತ್ತದೆ ಎಂದು ಅರ್ಧ ಹೇಳಿಬಿಟ್ಟಳು.

ನೀನು ಹೇಳಿದ ಕೆಲಸ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮೊದಲ ದಿನ ಇಲ್ಲಿಯ ನಿರ್ದೇಶಕರು ಕೈ ಕುಲುಕಿ, "ಹಾಗಾದ್ರೆ ಇದನ್ನ ಕಟ್ಟಿದ ಮೇಸ್ತ್ರಿ ನೀವೇನಾ?" ಎಂದರು. ಸುತ್ತ ಹತ್ತು ಜನ ನಿಂತಿದ್ದರು. ನನ್ನ ಬಾಯಿಂದ ಹೂಂ ಎಂದು ಬಂತು. ಆಮೇಲೆ ಎಲ್ಲರೂ ಬ್ರಾಂಡಿ ಕುಡಿದರು. ಕುಡಿದ ಮೇಲೆ ಅಲ್ಲ ಎನ್ನುವುದು ಹೇಗೆ?

ಸಮಯ ನೋಡಿ ಹೇಳುತ್ತೇನೆ. ಅಮ್ಮನನ್ನು ಆಗಾಗ ನೋಡಿಕೋ. ಊರಿಗೆ ಬಂದ ಮೇಲೆ ನಗರಸಭೆಗೆ ಹೋಗಿ ಮದುವೆಗೆ ದಿನ ಗೊತ್ತು ಮಾಡೋಣ.

ನಿನ್ನ
ಲೋರಿಸ್


ಬೊಲೋನ್ಯಾ
5 ಜುಲೈ 1976

ಲೋರಿಸ್,

ಹೂಂ ಎನ್ನುವುದಕ್ಕೆ ಒಂದು ಉಸಿರು ಸಾಕು. ಅಲ್ಲ ಎನ್ನುವುದಕ್ಕೂ ಅಷ್ಟೇ ಉಸಿರು ಬೇಕು. ನೀನು ಆರಿಸಿಕೊಂಡೆ.

ಮಾಲೀಕ ಎಂದರೆ ಯಾರು ಎಂದು ನಾನು ಒಂದು ಕಡೆ ಓದಿ ಬರೆದಿಟ್ಟುಕೊಂಡಿದ್ದೆ: ಬೇರೆಯವರ ಕೈ ಮಾಡಿದ್ದನ್ನು ತನ್ನ ಬಾಯಿಂದ ನನ್ನದು ಎನ್ನುವವನು. ಆಗ ನನ್ನ ಕಣ್ಣ ಮುಂದೆ ಬರುತ್ತಿದ್ದವನು ಟೋಪಿ ಹಾಕಿದ, ಹೊಟ್ಟೆ ಬಂದ ಒಬ್ಬ ಮುದುಕ. ಈಗ ಅವನಿಗೆ ನಿನ್ನ ಕಿವಿ ಬಂದಿದೆ.

ನಿನ್ನ ಅಮ್ಮ ಸಂತೆಯಲ್ಲಿ ತರಕಾರಿಯವಳ ಮುಂದೆ, "ನನ್ಮಗ ಅಲ್ಲಿ ಒಬ್ಬನೇ ಯಂತ್ರ ಎಬ್ಬಿಸ್ತಿದಾನೆ ಕಣೇ, ಇಂಜಿನಿಯರುಗಳೆಲ್ಲ ಅವನ ಮಾತು ಕೇಳ್ಕೊಂಡು ನಿಂತಿರ್ತಾರಂತೆ" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ. ಅವಳ ಚೀಲ.

ಮಂಡಳಿಯ ಸಾರಿನ ಬಗ್ಗೆ ನಗಬೇಡ. ತಾವು ಕುಡಿಯುವ ಸಾರನ್ನು ತಾವೇ ತೀರ್ಮಾನಿಸುವುದು ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ನಮ್ಮಲ್ಲಿ ಸಾರೂ ಎರ್ಮೆಸ್ ಹೇಳಿದ್ದೇ. ಅಲ್ಲಿ ಕೂತು ಕೇಳಬೇಕಾದವಳು ನಾನು. ನನ್ನ ಕುರ್ಚಿಯಲ್ಲಿ ಕೂತು ನೀನು ಆಕಳಿಸುತ್ತಿದ್ದೀಯ.

ಇನ್ನು ಆ ನೆವಿಯಾ. ನಿನ್ನ ಪತ್ರದಲ್ಲಿ ನಾಲ್ಕು ಸಾಲು ಅವಳಿಗೆ. ಅವಳಿಗೆ ವಯಸ್ಸೆಷ್ಟು ಎಂದು ನೀನು ಬರೆದಿಲ್ಲ. ನಾನೂ ಕೇಳುವುದಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಮತ್ಸರ ಪಡುವಂತೆ ಮಾಡುವುದೇ ಗಂಡಸರ ರಾಜಕೀಯ ಎಂದು ಕಳೆದ ತಿಂಗಳು ನಾನೇ ಒಂದು ಕರಪತ್ರ ಬರೆದು ಹಂಚಿದ್ದೇನೆ. ಆದರೆ ಪೆಟ್ಟಿಗೆಯ ಸಂದಿಯಿಂದ ಇಣುಕುವುದು ಏನು ದೊಡ್ಡ ಚುರುಕುತನ? ಬಿಚ್ಚಿ ನೋಡಲಿ.

ಅವರಿಗೆ ಹೇಳಿದೆಯಾ?

ಇರಿಡೆ


ಪೂಲಾ
29 ಆಗಸ್ಟ್ 1976

ನನ್ನ ಇರಿಡೆ,

ನಿನ್ನ ಮೂರು ಪತ್ರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಆಗಸ್ಟ್ ರಜೆಗೆ ಊರಿಗೆ ಬರಲಿಲ್ಲ ಎಂದು ಬೈದಿದ್ದೀಯ. ಟೈಲ್ಸ್ ಹಾಕಿ ಮುಗಿಸಿದ್ದು ಆಗ (ತಿಳಿಹಸಿರು), ಯಂತ್ರ ಇಳಿಸದೆ ಬಿಟ್ಟು ಬರುವುದು ಹೇಗೆ? ಭಾನುವಾರಗಳಲ್ಲಿ ನೆವಿಯಾಳ ಮನೆಯವರು ದೋಣಿಯಲ್ಲಿ ಕರೆದೊಯ್ದರು. ನಾನು ಸುಟ್ಟು ಸೀಗಡಿಯ ಬಣ್ಣಕ್ಕೆ ಬಂದಿದ್ದೇನೆ.

ಈಗ ಕೆಲಸದ ಮಾತು. ಯಂತ್ರ ನಿಂತಿದೆ. ಗಡಿಯಾರದ ಹಾಗೆ ಓಡುತ್ತದೆ. ನಿನ್ನ ಕೆಲಸಕ್ಕೆ ಎರಡು ಮಾತಿಲ್ಲ. ಪಂಪಿನ ಕೆಳಗಿನ ಆ ನಟ್ಟಿಗೆ ಮಾತ್ರ ನನ್ನ ಕೈ ತೂರುವುದೇ ಇಲ್ಲ, ನೆವಿಯಾಳ ಕೈ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಅದನ್ನು ಅವಳೇ ಬಿಗಿಯುತ್ತಾಳೆ.

ಆದರೆ ಒಂದು ವಿಚಿತ್ರ. ಇಲ್ಲಿ ತುಂಬುವುದು ಕೈಗೆ ಹಚ್ಚುವ ಗುಲಾಬಿ ಕ್ರೀಮು. ಅದು ಗಟ್ಟಿಯಾಗದಿರಲೆಂದು ತೊಟ್ಟಿಯನ್ನು ಬಿಸಿ ಇಡುತ್ತಾರೆ. ಮೊದಲ ಟ್ಯೂಬು ಹೊರಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ನೆವಿಯಾ ಅದನ್ನು ಒತ್ತಿ ಮೂಗಿನ ಹತ್ತಿರ ಹಿಡಿದು, "ಇದೇನು ಮೇಸ್ತ್ರಿ, ನಮ್ಮಜ್ಜನ ಎದೆಗೆ ಉಜ್ಜೋದಾ?" ಎಂದಳು. ಕರ್ಪೂರದ ವಾಸನೆಯಂತೆ. ಒಬ್ಬೊಬ್ಬರಾಗಿ ಮೂಸಿದರು, ಒಬ್ಬೊಬ್ಬರಾಗಿ ಮುಖ ಕಿವುಚಿದರು. ನಾನೂ ಮೂಸಿದೆ. ನನಗೆ ಗುಲಾಬಿ ಬಿಟ್ಟರೆ ಏನೂ ಬರಲಿಲ್ಲ. ಒಂದು ದಿನದ ಕ್ರೀಮು ಪೂರ್ತಿ ಎಸೆದರು. ತೊಳೆದು ಮತ್ತೆ ತುಂಬಿದೆವು, ಮತ್ತೆ ಅದೇ.

ಹಳೆಯ ಯಂತ್ರ ಬೇಡವೆಂದು ಮೊದಲಿಂದ ಹೇಳುತ್ತಿದ್ದ ಕೆಲವರು ಈಗ ದನಿ ಎತ್ತಿದ್ದಾರೆ. ಇನ್ನೊಬ್ಬರ ಕಾಯಿಲೆ ಹೊತ್ತು ಬಂದ ಯಂತ್ರ ಎನ್ನುತ್ತಾರೆ. ವಾಪಸು ಕಳಿಸುವ ಮಾತೂ ಎದ್ದಿದೆ. ಏನಿರಬಹುದು, ಯೋಚಿಸಿ ಬರೆ.

ನಿನ್ನ
ಲೋರಿಸ್


ಬೊಲೋನ್ಯಾ
8 ಸೆಪ್ಟೆಂಬರ್ 1976

ಲೋರಿಸ್,

ನನ್ನ ಯಂತ್ರಕ್ಕೆ ಯಾವ ವಾಸನೆಯೂ ಇಲ್ಲ. ಇಡೀ ಚಳಿಗಾಲ ನಾವೆಲ್ಲ ಅದರ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಂಡಿದ್ದೇವೆ. ಒಬ್ಬರಾದರೂ ಏನಾದರೂ ಅಂದರೇ? ಹೊರಡುವ ಮೊದಲು ವ್ಯಾಸಲೀನು ತುಂಬಿ ಪರೀಕ್ಷೆ ಮಾಡಿದಾಗ ನೀನೂ ಮೂಸಿದ್ದೆ, ಎರ್ಮೆಸ್ ಬೆರಳಿಗೆ ಹಚ್ಚಿಕೊಂಡು ಮೀಸೆಗೂ ಸವರಿಕೊಂಡರು.

ನೆವಿಯಾ ತನ್ನ ಕೈಗೆ ಏನು ಉಜ್ಜಿಕೊಂಡು ಕೆಲಸಕ್ಕೆ ಬರುತ್ತಾಳೆ ಎಂದು ಕೇಳಿದೆಯಾ? ದೋಣಿ ಹುಟ್ಟು ಹಾಕಿ ಭುಜ ನೋಯುವವರು ಮುಲಾಮು ಹಚ್ಚಿಕೊಳ್ಳುತ್ತಾರೆ. ಅವಳೇ ಮೂಸಿದಳು, ಅವಳೇ ಹೇಳಿದಳು, ನೀವೆಲ್ಲ ತಲೆಯಾಡಿಸಿದಿರಿ. ಅವಳು ಹೇಳಿದ್ದಕ್ಕೆಲ್ಲ ನೀನು ತಲೆಯಾಡಿಸುವುದು ಇಲ್ಲಿಗೂ ಕಾಣಿಸುತ್ತಿದೆ.

ಇನ್ನೊಂದು ಮಾತು. ಪಂಪಿನ ಕೆಳಗಿನ ಆ ಸಂದಿ ಸುಮ್ಮನೆ ಆದದ್ದಲ್ಲ. ಅಲ್ಲಿದ್ದ ಅಡ್ಡಪಟ್ಟಿಯನ್ನು ಅರದಲ್ಲಿ ಉಜ್ಜಿ ನನ್ನ ಕೈ ಹೋಗುವಷ್ಟು ಜಾಗ ಬಿಟ್ಟವಳು ನಾನು. ನನ್ನ ಕೈಗೆ, ಲೋರಿಸ್. ಅಲ್ಲಿ ಬೇರೊಬ್ಬಳ ಕೈ ಸಲೀಸಾಗಿ ಹೋಗುತ್ತದೆ ಎಂದು ನೀನು ನನಗೇ ಬರೆದಿದ್ದೀಯ, ಸಂತೋಷದ ಸುದ್ದಿ ಕೊಡುವವನ ಹಾಗೆ. ಆ ಸಾಲು ಓದಿದ ಮೇಲೆ ಅಂದು ಕೆಲಸದಲ್ಲಿ ಎರಡು ಬೋಲ್ಟು ಮುರಿದೆ.

ವಾಪಸು ಕಳಿಸುವ ಮಾತು ಬಂದರೆ ಕಳಿಸಲಿ. ಆಗಲಾದರೂ ನನ್ನ ಕೈಗೆ ಸಿಗುತ್ತದೆ.

ಇರಿಡೆ


ಬೊಲೋನ್ಯಾ
16 ಸೆಪ್ಟೆಂಬರ್ 1976

ಲೋರಿಸ್,

ಹಿಂದಿನ ಪತ್ರಕ್ಕೆ ಉತ್ತರ ಬರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಹಿಂದಿನದರಲ್ಲಿ ನೆವಿಯಾಳ ಬಗ್ಗೆ ಬರೆದದ್ದನ್ನು ಅವಳಿಗೆ ಓದಿ ಹೇಳಬೇಡ.

ಯಂತ್ರದ ತೊಟ್ಟಿಯೊಳಗೆ ಕಲಕುವ ಸಲಾಕೆ ಇದೆಯಲ್ಲ, ಅದು ಒಳಗಿಳಿಯುವ ಕಡೆ ಸೋರದಿರಲೆಂದು ಸುತ್ತಿರುವ ಪ್ಯಾಕಿಂಗ್ ಹಗ್ಗವನ್ನು ನಾನು ಬದಲಾಯಿಸಲಿಲ್ಲ. ಗಟ್ಟಿಯಾಗಿತ್ತು, ಎಳೆ ಬಿಟ್ಟಿರಲಿಲ್ಲ. ಚೆನ್ನಾಗಿರುವುದನ್ನು ಕಿತ್ತೆಸೆದು ಹೊಸದು ಹಾಕುವುದು ದುಡ್ಡಿರುವವರ ಚಟ, ಕಾರ್ಮಿಕರದ್ದಲ್ಲ ಎಂದು ನನ್ನ ಲೆಕ್ಕ. ನನಗೆ ಆಗ ಅದರಲ್ಲಿ ಹೆಮ್ಮೆಯೂ ಇತ್ತು.

ನಿನಗೆ ನೆನಪಿರಬಹುದು, ಅದೇ ಮುಲಾಮು ಕಾರ್ಖಾನೆಯಿಂದ ಬಂದ ಇನ್ನೊಂದು ಯಂತ್ರ ಶೆಡ್ಡಿನ ಮೂಲೆಯಲ್ಲಿ ಬಿಚ್ಚದೆ ನಿಂತಿದೆ. ಸೋಮವಾರ ಅದರ ಹಗ್ಗ ಕಿತ್ತು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದೆ. ಒಲೆಯ ಮೇಲೆ ನೀರಿಟ್ಟು ಅದರಲ್ಲಿ ಹಾಕಿದೆ, ಬಿಸಿಯಾಗಲಿ ಎಂದು. ಪಾತ್ರೆಯ ಮೇಲೆ ಮುಖ ಬಾಗಿಸಿದೆ. ಆವಿ ಮಾತ್ರ. ಇನ್ನೂ ಬಾಗಿದೆ, ಹುಬ್ಬು ಒದ್ದೆಯಾಯಿತು. ಏನೂ ಇಲ್ಲ. ಗೆದ್ದೆ ಎಂದುಕೊಂಡೆ, ಲೋರಿಸ್. ಆಗ ಒಳಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಮ್ಮ ಕೂತಲ್ಲಿಂದಲೇ, "ಯಾರ್ಗೇ ನೆಗಡಿ?" ಎಂದಳು.

ನಾನು ಯಾರಿಗೂ ಇಲ್ಲ ಎಂದೆ. ಅವಳು ಎದ್ದು ಬಂದು ಕಿಟಕಿ ತೆರೆದಳು. "ಚಳಿಗಾಲ ಪೂರ್ತಿ ನೀನು ಇದೇ ವಾಸನೆ ಹೊತ್ಕೊಂಡು ಮನೆಗೆ ಬರ್ತಿದ್ದೆ. ನಿನ್ನ ದಿಂಬಿನ ಚೀಲ ಬೇರೆ ನೆನೆಹಾಕ್ತಿದ್ದೆ ನಾನು" ಎಂದಳು.

ನಮ್ಮ ಶೆಡ್ಡಿನಲ್ಲಿ ಒಂದು ಮೂಗೂ ಉಳಿದಿಲ್ಲ. ಅದರ ಪಕ್ಕದಲ್ಲಿ ಕೂತು ಉಂಡು ಉಂಡು ಅದು ನಮಗೆ ಗಾಳಿಯೇ ಆಗಿಹೋಗಿದೆ. ತಣ್ಣನೆಯ ವ್ಯಾಸಲೀನಿನಲ್ಲಿ ಹಗ್ಗ ಬಾಯಿ ಬಿಡಲಿಲ್ಲ, ಬಿಸಿ ಕ್ರೀಮಿನಲ್ಲಿ ಬಿಟ್ಟಿತು. ನೆವಿಯಾ ಹೇಳಿದ್ದು ಸರಿ.

ಹಗ್ಗ ಬದಲಾಯಿಸು. ಮಂಡಳಿಯ ಮುಂದೆ ಹೀಗೆ ಹೇಳು: ಯಂತ್ರ ಕಟ್ಟಿದ್ದು ಇರಿಡೆ, ಹಗ್ಗ ಬಿಟ್ಟದ್ದೂ ಇರಿಡೆ. ಮೊದಲಿನದನ್ನು ಹೇಳಲು ನಿನಗೆ ಸಮಯ ಸಿಗಲಿಲ್ಲ. ಎರಡನ್ನೂ ಸೇರಿಸಿ ಹೇಳಿದರೆ ಒಂದೇ ಸಮಯ ಸಾಕು.

ಇರಿಡೆ


ಪೂಲಾ
18 ಸೆಪ್ಟೆಂಬರ್ 1976

ನನ್ನ ಇರಿಡೆ,

ನಿನ್ನ ಎಂಟನೇ ತಾರೀಕಿನ ಪತ್ರ ಬಂದಿದೆ. ಕೋಪ ಇಳಿಯಲಿ ಎಂದು ಅದಕ್ಕೆ ಉತ್ತರ ಬರೆಯುತ್ತಿಲ್ಲ. ಒಳ್ಳೆಯ ಸುದ್ದಿ ಇದೆ: ಕಾರಣ ಸಿಕ್ಕಿತು. ನೆವಿಯಾ ಮತ್ತು ನಾನು ತೊಟ್ಟಿ ಇಳಿಸಿ ಒಂದೊಂದೇ ಭಾಗ ಬಿಸಿನೀರಿಗೆ ಹಾಕಿ ನೋಡಿದೆವು. ನಾನು ಹಾಕುವುದು, ಅವಳು ಮೂಸುವುದು. ಕಲಕುವ ಸಲಾಕೆಯ ಹಗ್ಗ. ನೀನು ಅದನ್ನು ಹಳೆಯದೇ ಬಿಟ್ಟಿದ್ದೆ.

ನಿನ್ನೆ ಮಂಡಳಿ ಕರೆದಿತ್ತು. ಮೂವತ್ತು ಜನ. ಯಾರು ಬಿಟ್ಟದ್ದು ಎಂದು ಕೇಳಿದರು. ನಾನು ಎದ್ದು ನಿಂತು, ತಪ್ಪು ನನ್ನದು ಎಂದೆ. ನಿನ್ನ ಹೆಸರು ಕೆಡಬಾರದು ಎಂದು, ಇರಿಡೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೇ ಅದನ್ನು ಹೇಳಿದೆ, ನಂಬು.

ಆಮೇಲೆ ನಡೆದದ್ದೇ ಬೇರೆ. ಒಬ್ಬ ಮುದುಕ, ಹಡಗುಕಟ್ಟೆಯಲ್ಲಿ ದುಡಿದು ಬಂದವನು, ಎದ್ದು ನನ್ನ ಕೈ ಹಿಡಿದುಕೊಂಡ. "ಇಪ್ಪತ್ತು ವರ್ಷದಲ್ಲಿ ಈ ಕೋಣೇಲಿ ನಂದೇ ತಪ್ಪು ಅಂದ ಮೊದಲನೇ ಮನುಷ್ಯ ನೀನಪ್ಪಾ" ಎಂದ. ಎಲ್ಲರೂ ಮೇಜು ತಟ್ಟಿದರು.

ಹಾಗೆಂದು ಬಿಟ್ಟಿಲ್ಲ. ಇನ್ನೇನೇನು ಹಳೆಯದು ಉಳಿದಿದೆ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅಕ್ಟೋಬರ್ 14, ಗುರುವಾರ ಮಧ್ಯಾಹ್ನ ಮೂರಕ್ಕೆ ಮಂಡಳಿ ಮತ್ತೆ ಸೇರುತ್ತದೆ. ಅವರೆಲ್ಲರ ಮುಂದೆ ಬಿಸಿ ಕ್ರೀಮು ತುಂಬಿ ತೋರಿಸಬೇಕು. ವಾಸನೆ ಇಲ್ಲದಿದ್ದರೆ ಯಂತ್ರ ಇಲ್ಲೇ, ಇದ್ದರೆ ನಮ್ಮ ಶೆಡ್ಡಿಗೆ ವಾಪಸು. ಅದು ಮುಗಿದರೆ ನಾನು ಮನೆಗೆ.

ನಿನ್ನ
ಲೋರಿಸ್


ಪೂಲಾ
27 ಸೆಪ್ಟೆಂಬರ್ 1976

ಗೌರವಾನ್ವಿತ ಇರಿಡೆ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ನೆವಿಯಾ, ಟ್ಯೂಬು ತುಂಬುವ ಯಂತ್ರ ನಡೆಸುವವಳು. ನಿಮ್ಮ ವಿಳಾಸವನ್ನು ಲೋರಿಸ್‌ಗೆ ಬಂದ ಲಕೋಟೆಯ ಹಿಂಬದಿಯಿಂದ ತೆಗೆದುಕೊಂಡೆ. ಅವನಿಗೆ ಗೊತ್ತಿಲ್ಲ.

ಈ ಯಂತ್ರ ಕಟ್ಟಿದ್ದು ಅವನಲ್ಲ ಎಂದು ಅದನ್ನು ಪೆಟ್ಟಿಗೆಯಿಂದ ಇಳಿಸಿದ ಮೊದಲ ವಾರವೇ ನನಗೆ ಗೊತ್ತಾಗಿತ್ತು. ಪಂಪಿನ ಕೆಳಗೆ, ದವಡೆಯ ಹಿಂದೆ, ಇನ್ನೂ ಎಷ್ಟೋ ಕಡೆ, ಉಜ್ಜಿ ಬಿಟ್ಟ ಜಾಗಗಳಿಗೆ ಅವನ ಕೈ ತೂರುವುದೇ ಇಲ್ಲ. ತನ್ನ ಕೈ ಹೋಗದಂತೆ ಯಾರಾದರೂ ಯಂತ್ರ ಕಟ್ಟುತ್ತಾರೆಯೇ? ಹದಿನೈದು ವರ್ಷದಿಂದ ನಾನು ಗಂಡಸರ ತೋಳಿನ ಅಳತೆಯ ಯಂತ್ರಗಳಿಗೆ ಸ್ಟೂಲು ಹಾಕಿಕೊಂಡು ಕೆಲಸ ಮಾಡಿದ್ದೇನೆ. ಇದರ ಮುಂದೆ ನಿಂತಾಗ ಯಾರೋ ನನಗಾಗಿ ಹೊಲಿದ ಬಟ್ಟೆ ತೊಟ್ಟಂತಾಯಿತು. ಅವನನ್ನು ಕೇಳಿದೆ: "ಯಾರೋ ಅವಳು?" ಅವನು ಕಿಟಕಿ ಕಡೆ ತಿರುಗಿ ಸ್ಪ್ಯಾನರ್ ಒರೆಸತೊಡಗಿದ. ಆರೇಳು ದಿನ ಬಿಟ್ಟು ಹೆಸರು ಹೇಳಿದ.

ಈಗ ಬರೆಯಲು ಕಾರಣ ಬೇರೆ. ಮೊನ್ನೆ ನಿಮ್ಮ ಪತ್ರ ಬಂತು. ನಿಂತುಕೊಂಡೇ ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ. ಏನಂತೆ ಎಂದೆ. ಹಗ್ಗದ ವಿಷಯ ಅವಳಿಗೂ ಗೊತ್ತಾಗಿದೆ, ಮಂಡಳಿಗೆ ತನ್ನ ಹೆಸರು ಹೇಳು ಎನ್ನುತ್ತಾಳೆ ಎಂದ. ಹೇಳುತ್ತೀಯಾ ಎಂದೆ. "ಈಗ ಹೇಳಿದ್ರೆ ಎರಡು ಸಲ ಸುಳ್ಳುಗಾರ ಆಗ್ತೀನಿ ನೆವಿಯಾ" ಎಂದ.

ಅವನು ಕೆಟ್ಟವನಲ್ಲ. ಆದರೆ ಇಲ್ಲಿ ಈಗ ಅವನೆಂದರೆ ಎಲ್ಲರಿಗೂ ಬಲು ಪ್ರೀತಿ. ಕ್ಯಾಂಟೀನಿನಲ್ಲಿ ಅವನ ತಟ್ಟೆಗೆ ದಪ್ಪ ತುಂಡು ಬೀಳುತ್ತದೆ. ತಪ್ಪು ಒಪ್ಪಿಕೊಂಡ ಪ್ರಾಮಾಣಿಕ ಎಂದು ಹೊಸ ಹುಡುಗರಿಗೆ ತೋರಿಸುತ್ತಾರೆ. ಆ ರುಚಿ ಬಿಡುವುದು ಕಷ್ಟ.

ಹೊಸ ಹಗ್ಗ ಹಾಕಿದ ಮೇಲೂ ನನಗೆ ವಾಸನೆ ಬರುತ್ತಿದೆ. ಮೊದಲಿನಷ್ಟಲ್ಲ, ಕ್ರೀಮು ಚೆನ್ನಾಗಿ ಬಿಸಿಯಾದ ಮೇಲೆ, ಎಲ್ಲೋ ಹಿಂದಿನಿಂದ. ಇನ್ನೇನೂ ಹಳೆಯದಿಲ್ಲ ಎಂದು ಅವನು ಎಲ್ಲರ ಮುಂದೆ ಹೇಳಿಬಿಟ್ಟಿದ್ದಾನೆ. ಆದರೆ ಅವನಿಗೆ ಗೊತ್ತಿರುವುದು ಹೇಗೆ? ಹದಿನಾಲ್ಕನೇ ತಾರೀಕು ನನ್ನನ್ನೇ ಮೂಸಲು ನಿಲ್ಲಿಸುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಯಂತ್ರ ವಾಪಸು ಹೋದರೆ ನನಗೆ ಮತ್ತೆ ಸ್ಟೂಲೇ ಗತಿ.

ನನ್ನ ಮೇಲೆ ನಿಮಗೆ ಸಿಟ್ಟಿದೆ ಎಂದು ಅವನು ಹೇಳಲಿಲ್ಲ, ಆದರೆ ನಿಮ್ಮ ಹೆಸರು ಬಂದಾಗ ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಲ್ಲುತ್ತಾನೆ. ನನಗೆ ಹಡಗಿನಲ್ಲಿ ದುಡಿಯುವ ಗಂಡ ಇದ್ದಾನೆ, ಮೂರು ಮಕ್ಕಳಿದ್ದಾರೆ, ಕಾಲಿನಲ್ಲಿ ನರ ಉಬ್ಬಿದೆ. ಬೇಕಾದರೆ ನನ್ನ ಭುಜದ ಮೇಲೆ ಮತ್ಸರ ಪಡಿ. ನಮ್ಮ ಮನೆಯ ದೋಣಿಗೆ ಹುಟ್ಟು ಹಾಕುವವಳು ನಾನೇ.

ನೆವಿಯಾ


ಬೊಲೋನ್ಯಾ
5 ಅಕ್ಟೋಬರ್ 1976

ಲೋರಿಸ್,

ನೀನು ನನ್ನ ಯಂತ್ರ ತೆಗೆದುಕೊಂಡು ಹೋದೆ. ಈಗ ನನ್ನ ತಪ್ಪನ್ನೂ ತೆಗೆದುಕೊಂಡಿದ್ದೀಯ. ಯಂತ್ರಕ್ಕೆ ನಿನಗೆ ಬ್ರಾಂಡಿ ಕೊಟ್ಟರು, ತಪ್ಪಿಗೆ ಮೇಜು ತಟ್ಟಿದರು. ನನಗೆ ಯಾವುದು ಹೆಚ್ಚು ಉರಿಯುತ್ತಿದೆ ಎಂದು ಪ್ರಾಮಾಣಿಕವಾಗಿ ನೋಡಿಕೊಂಡೆ: ಮೇಜು ತಟ್ಟಿದ್ದು. ಆ ಮುದುಕ ಹಿಡಿದುಕೊಳ್ಳಬೇಕಾಗಿದ್ದ ಕೈ ನನ್ನದು. ನನ್ನದೇ ತಪ್ಪು ಎಂದು ಎದ್ದು ನಿಲ್ಲುವವರ ದೇಶ ಇದೆ ಎಂದು ನಾನು ಕಾಗದದಲ್ಲಿ ಓದಿದವಳು. ಅಲ್ಲಿ ಎದ್ದು ನಿಂತವನು ನೀನು, ಬೇರೊಬ್ಬಳ ತಪ್ಪು ಹೊದ್ದುಕೊಂಡು.

ನನ್ನ ಹೆಸರು ಕೆಡಬಾರದು ಎಂದು ಹಾಗೆ ಮಾಡಿದೆ ಎನ್ನುತ್ತೀಯ. ಅಲ್ಲಿ ನನ್ನ ಹೆಸರೇ ಇರಲಿಲ್ಲವಲ್ಲ, ಲೋರಿಸ್. ಇಲ್ಲದ್ದು ಕೆಡುವುದು ಹೇಗೆ?

ನೀನು ಕುರ್ಚಿ ಹಿಡಿದುಕೊಂಡದ್ದನ್ನು ನಂಬುತ್ತೇನೆ. ಅದನ್ನು ಓದುವಾಗ ನನಗೆ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ.

ಶನಿವಾರ ಸಹಕಾರಿಯ ಸಭೆಯಲ್ಲಿ ನಾನೇ ವಿಷಯ ಎತ್ತಿದೆ. ಹಗ್ಗದ ಕಥೆ ಹೇಳಿದೆ, ನಮ್ಮೆಲ್ಲರ ಮೂಗಿನ ಕಥೆಯನ್ನೂ ಹೇಳಿದೆ, ಪೂಲಾಕ್ಕೆ ನಾನೇ ಹೋಗುತ್ತೇನೆ ಎಂದೆ. ಎರ್ಮೆಸ್ ಮೀಸೆ ಮುಟ್ಟಿಕೊಂಡು, "ಹೆಂಗೂ ಲೋರಿಸ್ ತನ್ನ ತಲೆ ಮೇಲೆ ಹಾಕ್ಕೊಂಡಿದಾನಲ್ಲ ಮಗಳೇ, ನೀನ್ಯಾಕೆ ಹೋಗಿ ಕೆದಕ್ತೀಯ?" ಎಂದರು. ನಾನು ಅಂದೆ: "ಅದು ನಂದು. ಅವನ ತಲೆ ಮೇಲೆ ಯಾಕಿರ್ಬೇಕು?" ಆಮೇಲೆ ಎರ್ಮೆಸ್, ಕೈ ಎತ್ತೋಣ ಎಂದರು. ನನ್ನ ತಪ್ಪು ನನ್ನದು ಎನ್ನಲು ಯಾರ ಕೈಯೂ ಏಳಬೇಕಾಗಿಲ್ಲ ಎಂದು ಹೇಳಿ ನಾನು ಎದ್ದು ಹೊರಗೆ ಬಂದೆ. ಎಷ್ಟು ಕೈ ಎದ್ದವೋ ಗೊತ್ತಿಲ್ಲ. ನನ್ನ ರಜೆ, ನನ್ನ ಟಿಕೆಟ್ಟು.

ನೆವಿಯಾ ನನಗೆ ಪತ್ರ ಬರೆದಿದ್ದಾಳೆ. ಅವಳನ್ನು ಬೈಯಬೇಡ, ಬೈದರೆ ನನಗೆ ಗೊತ್ತಾಗುತ್ತದೆ. ಇಷ್ಟು ತಿಂಗಳು ಅವಳ ಮೇಲೆ ಉರಿದುಕೊಂಡೆ. ಈಗಲೂ ಉರಿ ಪೂರ್ತಿ ಹೋಗಿಲ್ಲ: ನನ್ನ ಯಂತ್ರ ಯಾರದೆಂದು ನೋಡಿದ ಕೂಡಲೇ ತಿಳಿದವಳು ಅವಳು, ಮೂರು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡಿದ ನೀನಲ್ಲ. ಅವಳಿಗೆ ವಾಸನೆ ಇನ್ನೂ ಬರುತ್ತಿದೆ. ಅವಳ ಮೂಗು ಸರಿಯಾಗಿಯೇ ಇದೆ. ಹಗ್ಗವಲ್ಲದೆ ಇನ್ನೂ ಎರಡು ಕಡೆ ನಾನು ಹಳೆಯದನ್ನೇ ಬಿಟ್ಟಿದ್ದೇನೆ. ಏನೂ ಇಲ್ಲ ಎಂದು ನೀನು ಮೂವತ್ತು ಜನರ ಮುಂದೆ ಹೇಳಿಬಿಟ್ಟೆ, ನನ್ನನ್ನು ಒಂದು ಮಾತು ಕೇಳದೆ.

ಆ ಎರಡು ಎಲ್ಲಿವೆ ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ಬರೆದರೆ ಅವನ್ನೂ ನೀನೇ ಹೋಗಿ ಹೇಳಿಬಿಡುತ್ತೀಯ.

ಹೊಸ ಭಾಗಗಳು ನನ್ನ ಚೀಲದಲ್ಲಿವೆ. ಬದಲಾಯಿಸಲು ಹೆಚ್ಚು ಹೊತ್ತು ಬೇಡ, ಕೈ ಹೋಗುವವರು ಇಬ್ಬರಿದ್ದೇವೆ. ಆಮೇಲೆ ಮಂಡಳಿಯ ಮುಂದೆ ನಾನು ಮಾತಾಡುತ್ತೇನೆ. ನೀನು ಬೇಕಾದರೆ ನನ್ನ ಪಕ್ಕದಲ್ಲಿ ನಿಲ್ಲಬಹುದು. ಎರಡು ಸಲ ಸುಳ್ಳುಗಾರನಾದರೂ ನಿಲ್ಲಬಹುದು. ನಿಲ್ಲದಿದ್ದರೆ ನಗರಸಭೆಗೆ ಹೋಗುವ ಮಾತನ್ನು ಇನ್ನೊಮ್ಮೆ ಬರೆಯಬೇಡ.

ಬುಧವಾರ ರಾತ್ರಿಯ ರೈಲಿಗೆ ಹೊರಟು, ಗಡಿಯ ಹತ್ತಿರ ತ್ರಿಯೆಸ್ತೆಯಲ್ಲಿ ಇಳಿದು ಬೆಳಗಿನ ಬಸ್ಸು ಹಿಡಿಯುತ್ತೇನೆ. ಅಕ್ಟೋಬರ್ 14, ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ ಪೂಲಾದ ಬಸ್ ನಿಲ್ದಾಣದಲ್ಲಿರು.

ಇರಿಡೆ